ನೋಟಿಗೆ ಮೂರು ದಿನ, ತಂತಿಗೆ ಮೂವತ್ತಮೂರು ವರ್ಷ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಎಸ್ಟೋನಿಯಾವನ್ನು ‘ಮೂರೇ ದಿನದಲ್ಲಿ ಸ್ವಂತ ನೋಟು ಚಲಾವಣೆಗೆ ತಂದ ದೇಶ’ ಎಂದು ಬರೆದಿದ್ದೀರಿ. 2016ರ ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಂತವರಿಗೆ ಇದನ್ನು ನಂಬುವುದು ಕಷ್ಟ. ಅದು ಹೇಗೆ ಸಾಧ್ಯವಾಯಿತು? ಸ್ವಂತ ವಿದ್ಯುತ್ ಸ್ಥಾವರಗಳಿದ್ದ ದೇಶದಲ್ಲಿ ಮೊದಲ ಚಳಿಗಾಲಕ್ಕೇ ಮನೆಗಳು ತಣ್ಣಗಾದದ್ದೇಕೆ? ಅಷ್ಟು ಚುರುಕಾಗಿದ್ದವರು ರಷ್ಯಾದ ಗ್ರಿಡ್‌ನಿಂದ ಬಿಡಿಸಿಕೊಳ್ಳಲು 2025ರವರೆಗೆ ಕಾದದ್ದೇಕೆ? ನಾನು ವಿದ್ಯುತ್ ಇಲಾಖೆಯಲ್ಲಿ ದುಡಿದವನು. ತಾಂತ್ರಿಕ ವಿವರ ಬಿಡಬೇಡಿ. ರೈಲಿನ ಗೇಜ್ ಕಥೆ ಏನಾಯಿತೆಂಬುದನ್ನೂ ತಿಳಿಸಿ. — ನಿವೃತ್ತ ಎಂಜಿನಿಯರ್, ಶಿವಮೊಗ್ಗ

ಸಂಪಾದಕರ ಉತ್ತರ:

ಮಾನ್ಯರೆ,

ನಿಮ್ಮ ಮೂರು ದೊಡ್ಡ ಪ್ರಶ್ನೆಗಳ ಬುಡದಲ್ಲಿರುವುದು ಒಂದೇ ವಿಷಯ. ಹಣ ಕಾನೂನಿನಿಂದ ಹುಟ್ಟುತ್ತದೆ. ಕಾನೂನು ಗಟ್ಟಿಯಿದ್ದರೆ ಅದನ್ನು ಬೇಗ ಬದಲಿಸಬಹುದು. ಕೊಳವೆ, ತಂತಿ, ಹಳಿಗಳು ಹಾಗಲ್ಲ. ಯಾವ ಊರನ್ನು ಯಾವ ಊರಿಗೆ ಜೋಡಿಸಬೇಕೆಂದು ಐವತ್ತು ವರ್ಷ ಹಿಂದೆ ಯಾರೋ ತೀರ್ಮಾನಿಸಿ ನೆಲದಲ್ಲಿ ಹೂತದ್ದನ್ನು ಸಂಸತ್ತಿನ ಮತದಿಂದ ಕೀಳಲಾಗದು.

ದೇಶದ ಅಳತೆ ಮೊದಲು ಹೇಳಿಬಿಡುತ್ತೇನೆ. ವಿಸ್ತೀರ್ಣ 45 ಸಾವಿರ ಚದರ ಕಿ.ಮೀ., ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಕೊಂಚ ಕಡಿಮೆ. 1992ರಲ್ಲಿ ಜನಸಂಖ್ಯೆ 15 ಲಕ್ಷದ ಸುಮಾರು. 2011ರ ಜನಗಣತಿಯಲ್ಲಿ ನಿಮ್ಮ ಜಿಲ್ಲೆಯಲ್ಲೇ ಹದಿನೇಳೂವರೆ ಲಕ್ಷ ಇತ್ತು. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಸೋವಿಯತ್ ಒಕ್ಕೂಟದಿಂದ ಸ್ವತಂತ್ರವಾಯಿತು. ಜೇಬಿನಲ್ಲಿ ಮಾತ್ರ ಸೋವಿಯತ್ ರೂಬಲ್ಲೇ ಉಳಿಯಿತು.

ಅದೇ ದೊಡ್ಡ ತೊಡಕಾದದ್ದು. 1992ರ ಜನವರಿ 2ರಂದು ರಷ್ಯಾ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಬೆಲೆ ಏರಿದಂತೆ ನೋಟು ಹೆಚ್ಚು ಬೇಕು, ನೋಟಿನ ಮುದ್ರಣಾಲಯ ಮಾತ್ರ ಪರದೇಶದ ಕೈಯಲ್ಲಿ. ಸಂಬಳದ ದಿನ ಬಂದರೂ ಕೊಡಲು ನಗದಿಲ್ಲ. ಇನ್ನೊಂದು ಕಡೆ, ಬೇರೆ ಮಾಜಿ ಸೋವಿಯತ್ ಗಣರಾಜ್ಯಗಳಲ್ಲಿ ಸಾಲವಾಗಿ ಹುಟ್ಟಿದ ರೂಬಲ್ ಇಲ್ಲಿಗೆ ಬಂದು ಇಲ್ಲಿನ ಬೆಣ್ಣೆ, ಮಾಂಸವನ್ನು ಕೊಂಡು ಹೋಗುತ್ತಿತ್ತು. ಇನ್ನಷ್ಟು ಕಾಲ ರೂಬಲ್ ವಲಯದಲ್ಲೇ ಇರಿ, ಆತುರ ಬೇಡ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮೊದಲ ಸಲಹೆಯಾಗಿತ್ತು. ಎಸ್ಟೋನಿಯಾ ಅದನ್ನು ಕೇಳಲಿಲ್ಲ, ಮತ್ತು ಕೇಳದೇ ಇದ್ದದ್ದು ಸರಿಯಾಯಿತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೂರು ದಿನದ ಕೆಲಸದ ಹಿಂದೆ ಎರಡೂವರೆ ವರ್ಷದ ತಯಾರಿ ಇತ್ತು. ಕೇಂದ್ರ ಬ್ಯಾಂಕ್ ‘ಏಸ್ತಿ ಪಾಂಕ್’ 1990ರ ಜನವರಿ 1ರಂದೇ, ಅಂದರೆ ಸ್ವಾತಂತ್ರ್ಯಕ್ಕೂ ಮೊದಲೇ, ಮರುಸ್ಥಾಪನೆಯಾಗಿತ್ತು. ಹೊರದೇಶದಲ್ಲಿ ಅಚ್ಚಾದ ಹೊಸ ಹಣ ‘ಕ್ರೋನ್’ನ ನೋಟುಗಳು ಬದಲಾವಣೆಯ ದಿನಕ್ಕೆ ಮೊದಲೇ ಬಂದು ಕೂತಿದ್ದವು. ನಿರ್ಧಾರದ ಅಧಿಕಾರವೆಲ್ಲ ಮೂರೇ ಜನರ ಸಮಿತಿಯದು: ಪ್ರಧಾನಿ ಟೀಟ್ ವಾಹಿ, ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಸೀಮ್ ಕಲ್ಲಾಸ್, ಹೊರಗಿನ ತಜ್ಞ ರುಡಾಲ್ಫ್ ಯಾಲಕಾಸ್. 1992ರ ಮೇ 20ರಂದು ಮೂರು ಕಾನೂನುಗಳು ಅಂಗೀಕಾರವಾದವು. ಜೂನ್ 20ರಿಂದ 22ರವರೆಗೆ ವಿನಿಮಯ ನಡೆಯಿತು.

ಕೌಂಟರಿನಲ್ಲಿ ಆದದ್ದು ಇಷ್ಟು. ಯಾರು ಎಲ್ಲಿ ಬದಲಿಸಿಕೊಳ್ಳಬೇಕೆಂಬ ಪಟ್ಟಿ ಮೊದಲೇ ಸಿದ್ಧವಿತ್ತು. ನಿವಾಸಿಗಳು ಹೆಸರು ನೋಂದಾಯಿಸಿದ್ದರು. ಗುರುತಿನ ಪತ್ರ ತೋರಿಸಿ, ತಲೆಗೆ 1500 ರೂಬಲ್ ಕೊಟ್ಟರೆ 10ಕ್ಕೆ 1ರಂತೆ 150 ಕ್ರೋನ್. ಅದಕ್ಕಿಂತ ಹೆಚ್ಚಿನ ನಗದಿಗೆ 50ಕ್ಕೆ 1ರ ದರ. ಬ್ಯಾಂಕ್ ಖಾತೆಯಲ್ಲಿದ್ದ ಹಣ 10ಕ್ಕೆ 1ರ ದರದಲ್ಲೇ ಕ್ರೋನ್ ಆಯಿತು. ಹೊರಗಿನಿಂದ ಚೀಲಗಟ್ಟಲೆ ರೂಬಲ್ ತಂದು ಸುರಿಯುವವರನ್ನು ತಡೆದದ್ದು ಈ 50ರ ದರವೇ. ಕ್ರೋನಿನ ಬೆಲೆಯೂ ಅಂದೇ ನಿಗದಿ: 8 ಕ್ರೋನಿಗೆ 1 ಜರ್ಮನ್ ಮಾರ್ಕ್. ಲೆಕ್ಕ ಹಾಕಿ, ಪ್ರತಿಯೊಬ್ಬರೂ ಹೊಸ ಬದುಕು ಶುರು ಮಾಡಿದ್ದು ಕೈಯಲ್ಲಿ 18 ಮಾರ್ಕ್ 75 ಫೆನಿಗ್ ಹಿಡಿದು.

2016ರ ಜೊತೆ ಹೋಲಿಸುವಾಗ ಮೂರು ವ್ಯತ್ಯಾಸ ನೆನಪಿಡಬೇಕು. ನಮ್ಮಲ್ಲಿ ರದ್ದಾದದ್ದು 500 ಮತ್ತು 1000ದ ನೋಟು ಮಾತ್ರ, ಆದರೆ ಮೌಲ್ಯದಲ್ಲಿ ಅದು ಚಲಾವಣೆಯ ಶೇ 86. ಅಷ್ಟು ಹೊಸ ನೋಟು ಆ ದಿನಕ್ಕೆ ಅಚ್ಚಾಗಿರಲಿಲ್ಲ. ಹೊಸ ನೋಟಿನ ಅಳತೆ ಬೇರೆಯಾದ್ದರಿಂದ ಎಟಿಎಂಗಳ ಟ್ರೇಗಳನ್ನು ಒಂದೊಂದಾಗಿ ಸರಿಪಡಿಸಬೇಕಾಯಿತು. ಇನ್ನು, 15 ಲಕ್ಷ ಜನರ ಪಟ್ಟಿ ಮಾಡುವುದಕ್ಕೂ 130 ಕೋಟಿ ಜನರ ಪಟ್ಟಿಗೂ ಹೋಲಿಕೆಯೇ ಇಲ್ಲ. ಎಸ್ಟೋನಿಯಾದ ಜಾಣತನವನ್ನು ಹೊಗಳುವಾಗ ಅದರ ಗಾತ್ರವನ್ನು ಮರೆಯಬಾರದು.

ನೋಟು ಹಂಚುವುದಕ್ಕಿಂತ ದೊಡ್ಡ ಕೆಲಸ ಆ ನೋಟಿನ ಬೆಲೆ ಕರಗದಂತೆ ನೋಡಿಕೊಳ್ಳುವುದು. ಅದಕ್ಕೆ ಅವರು ಆರಿಸಿಕೊಂಡದ್ದು ಕರೆನ್ಸಿ ಬೋರ್ಡ್ ಪದ್ಧತಿ. ಚಲಾವಣೆಯಲ್ಲಿರುವ ಪ್ರತಿ ಕ್ರೋನಿಗೂ ಕೇಂದ್ರ ಬ್ಯಾಂಕಿನಲ್ಲಿ ಚಿನ್ನವೋ ವಿದೇಶಿ ಹಣವೋ ಇರಲೇಬೇಕು. ಮಾರ್ಕ್ ಒಳಗೆ ಬಂದರೆ ಕ್ರೋನ್ ಹುಟ್ಟುತ್ತದೆ, ಮಾರ್ಕ್ ಹೊರಗೆ ಹೋದರೆ ಅಷ್ಟು ಕ್ರೋನ್ ಚಲಾವಣೆಯಿಂದ ಮಾಯ. ಸರ್ಕಾರಕ್ಕೆ ಸಾಲ ಕೊಡುವಂತಿಲ್ಲ. ಅಪಮೌಲ್ಯ ಮಾಡುವ ಅಧಿಕಾರ ಕೇಂದ್ರ ಬ್ಯಾಂಕಿಗಿಲ್ಲ. ಅದಕ್ಕೆ ಸಂಸತ್ತೇ ಹೊಸ ಕಾನೂನು ಮಾಡಬೇಕು. ಮೂಲ ಬಂಡವಾಳವಾಗಿ ಒದಗಿದ್ದು 1940ರಲ್ಲಿ ದೇಶ ಸೋವಿಯತ್ ವಶವಾಗುವ ಮೊದಲು ಹೊರದೇಶಗಳಲ್ಲಿ ಇಟ್ಟಿದ್ದ ಚಿನ್ನ. ಬ್ರಿಟನ್ ಹಿಂದಿರುಗಿಸಿತು. ಸ್ವೀಡನ್ ತನ್ನಲ್ಲಿದ್ದುದನ್ನು ಆಗಲೇ ಸೋವಿಯತ್ತಿಗೆ ಒಪ್ಪಿಸಿಬಿಟ್ಟಿದ್ದರಿಂದ ಪರಿಹಾರ ಕೊಟ್ಟಿತು. ಎಲ್ಲ ಸೇರಿ 11 ಟನ್ನಿಗೆ ಸ್ವಲ್ಪ ಹೆಚ್ಚು, ಆಗಿನ ಬೆಲೆಯಲ್ಲಿ ಸುಮಾರು 12 ಕೋಟಿ ಡಾಲರ್. 

ಆ ದರ ಎಷ್ಟು ಗಟ್ಟಿಯಾಗಿತ್ತೆಂದು ತಿಳಿಯಲು ಒಂದು ಗುಣಾಕಾರ ಸಾಕು. ಮಾರ್ಕ್ ಹೋಗಿ ಯೂರೋ ಬಂದಾಗ 1 ಯೂರೋಗೆ 1.95583 ಮಾರ್ಕ್. ಅದನ್ನು 8ರಿಂದ ಗುಣಿಸಿದರೆ 15.6466. 2011ರ ಜನವರಿ 1ರಂದು ಎಸ್ಟೋನಿಯಾ ಕ್ರೋನ್ ಬಿಟ್ಟು ಯೂರೋಗೆ ಸೇರಿದ್ದು ಇದೇ 15.6466ರ ದರದಲ್ಲಿ. ಹದಿನೆಂಟೂವರೆ ವರ್ಷ ದರ ಒಂದಿಷ್ಟೂ ಅಲುಗಲಿಲ್ಲ.

ಹಾಗೆಂದು ಕಷ್ಟ ಕಡಿಮೆಯಾಗಿತ್ತು ಎಂದುಕೊಳ್ಳಬೇಡಿ. 8ರ ದರ ಬೇಕೆಂದೇ ಅಗ್ಗವಾಗಿ ಇಟ್ಟದ್ದು. ರಫ್ತಿಗೆ ಅನುಕೂಲ, ಸಂಬಳದಾರನಿಗೆ ಹೊಡೆತ. ದರ ಏರುವಂತಿಲ್ಲವಾದ್ದರಿಂದ ಬೆಲೆಗಳೇ ಏರಿ ಹೊಂದಿಕೊಂಡವು. 1992ರಲ್ಲಿ ಶೇ 1000 ದಾಟಿದ್ದ ಹಣದುಬ್ಬರ 1993ರಲ್ಲಿ ಶೇ 90ರ ಹತ್ತಿರ, 1994ರಲ್ಲೂ ಶೇ 50ರ ಹತ್ತಿರ ಇತ್ತು. ಮುದುಕರ ಜೀವಮಾನದ ಉಳಿತಾಯ ಕ್ರೋನ್ ಬರುವ ಮೊದಲೇ ಕರಗಿತ್ತು. 1992ರ ನವೆಂಬರಿನಲ್ಲಿ ಮೂರು ದೊಡ್ಡ ಬ್ಯಾಂಕುಗಳ ವಹಿವಾಟು ಸ್ಥಗಿತವಾಯಿತು. ಅವುಗಳಲ್ಲಿ ಎರಡರ ಹಣ ಮಾಸ್ಕೋದ ವಿದೇಶ ವ್ಯಾಪಾರ ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿತ್ತು. ಅವೆರಡನ್ನು ವಿಲೀನ ಮಾಡಿ ಉಳಿಸಿದರು. ಮೂರನೆಯದಾದ ಟಾರ್ಟು ವಾಣಿಜ್ಯ ಬ್ಯಾಂಕನ್ನು ಮುಚ್ಚಿದರು, ಠೇವಣಿದಾರರು ನಷ್ಟ ಅನುಭವಿಸಿದರು. ನೋಟು ಅಚ್ಚು ಹಾಕಿ ಬ್ಯಾಂಕ್ ಉಳಿಸುವ ದಾರಿಯನ್ನು ಕಾನೂನೇ ಮುಚ್ಚಿತ್ತು.

ಈಗ ತಣ್ಣಗಾದ ಮನೆಗಳ ವಿಷಯ. ಎಂಜಿನಿಯರಾದ ನಿಮಗೆ ಇದು ಹಿಡಿಸುತ್ತದೆ.

ನಾರ್ವಾ ಊರಿನ ಬಳಿ ಎರಡು ಭಾರಿ ಸ್ಥಾವರಗಳಿದ್ದವು, ಎರಡೂ ಸೇರಿ 3000 ಮೆಗಾವಾಟ್ ಆಸುಪಾಸು. ಉರುವಲು ಆಯಿಲ್ ಶೇಲ್, ಅಂದರೆ ಎಣ್ಣೆಯ ಅಂಶವಿರುವ ಪದರುಗಲ್ಲು. ಸುಟ್ಟರೆ ಹೆಚ್ಚುಕಡಿಮೆ ಅರ್ಧ ಭಾಗ ಬೂದಿಯಾಗಿಯೇ ಉಳಿಯುವ ಕಲ್ಲು. ರಷ್ಯಾದ ಲೆನಿನ್‌ಗ್ರಾಡಿಗೂ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ನೆರೆಯ ಲಾಟ್ವಿಯಾಗೂ ಕರೆಂಟು ಕೊಡಲು ಕಟ್ಟಿದ್ದು. ಸ್ವಾತಂತ್ರ್ಯದ ನಂತರ ಕೊಳ್ಳುವವರು ಕಡಿಮೆಯಾಗಿ ವಿದ್ಯುತ್ ಮಿಕ್ಕುತ್ತಿತ್ತು. ಆದರೆ ಅಲ್ಲಿ ಮನೆ ಬೆಚ್ಚಗಾಗುವುದು ಕರೆಂಟಿನಿಂದಲ್ಲ. ಊರಿಗೊಂದು ಬಾಯ್ಲರ್ ಮನೆ, ಅಲ್ಲಿಂದ ಬಿಸಿನೀರಿನ ಕೊಳವೆ ಪ್ರತಿ ವಸತಿ ಸಮುಚ್ಚಯಕ್ಕೂ. ಆ ಬಾಯ್ಲರುಗಳು ಉರಿಸುತ್ತಿದ್ದದ್ದು ಪೂರ್ವದಿಂದ ಬರುವ ಅನಿಲ ಇಲ್ಲವೇ ಫರ್ನೇಸ್ ಆಯಿಲ್. 1992ರ ಜನವರಿಯಲ್ಲಿ ಪೂರೈಕೆ ಕುಸಿಯಿತು. ರಾಜಧಾನಿ ಟಾಲಿನ್ನಿಗೂ ನಾರ್ವಾಕ್ಕೂ ನಡುವೆ 200 ಕಿ.ಮೀ., ಬಿಸಿನೀರನ್ನು ಅಷ್ಟು ದೂರ ಕಳಿಸಲಾಗದು. ವಿಶೇಷಾಧಿಕಾರ ಕೇಳಿದ ಪ್ರಧಾನಿ ಎಡ್ಗಾರ್ ಸವಿಸಾರ್ ಅದೇ ತಿಂಗಳು ರಾಜೀನಾಮೆ ಕೊಟ್ಟರು.

ಮನೆಮನೆಗೆ ಕರೆಂಟಿನ ಹೀಟರ್ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. 60 ಮನೆಗಳ ಕಟ್ಟಡದಲ್ಲಿ ಎಲ್ಲರೂ ಒಟ್ಟಿಗೆ 2 ಕಿಲೋವಾಟ್ ಹೀಟರ್ ಹಾಕಿದರೆ 120 ಕಿಲೋವಾಟ್ ಹೆಚ್ಚುವರಿ ಲೋಡ್. ದೀಪ, ಫ್ರಿಜ್, ಟಿವಿಯ ಲೆಕ್ಕದಲ್ಲಿ ಎಳೆದ ಅಲ್ಯೂಮಿನಿಯಂ ವೈರಿಂಗ್ ಅದನ್ನು ತಡೆಯದು. ಮೊದಲು ಫ್ಯೂಸ್, ಆಮೇಲೆ ಕೇಬಲ್, ಕೊನೆಗೆ ಟ್ರಾನ್ಸ್‌ಫಾರ್ಮರ್. ಬಾಯ್ಲರ್ ಪೂರ್ತಿ ನಿಲ್ಲಿಸುವಂತೆಯೂ ಇಲ್ಲ. ಮೈನಸ್ 20 ಡಿಗ್ರಿಯಲ್ಲಿ ನೀರಿನ ಹರಿವು ನಿಂತರೆ ತುದಿಯ ಕೊಳವೆ, ಕೋಣೆ ಬೆಚ್ಚಗಿಡುವ ರೇಡಿಯೇಟರುಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಹಾಗಾಗಿ ಇದ್ದ ಎಣ್ಣೆಯಲ್ಲಿ ಸ್ನಾನದ ಬಿಸಿನೀರು ನಿಲ್ಲಿಸಿ, ಮನೆಯ ಶಾಖ ತಗ್ಗಿಸಿ, ಹರಿವನ್ನು ಮಾತ್ರ ಜೀವಂತ ಇಡಬೇಕು.

ಇಂಧನ ಬಂದ ಮೇಲೂ ವ್ಯವಸ್ಥೆಯ ದೋಷ ಹೋಗಲಿಲ್ಲ. ಬಾಯ್ಲರಿನಿಂದ 130 ಡಿಗ್ರಿಯಲ್ಲಿ ಹೊರಡುವ ನೀರನ್ನು ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಇಜೆಕ್ಟರ್, ವಾಪಸು ಬರುವ ತಂಪು ನೀರಿನ ಜೊತೆ ಬೆರೆಸಿ 95ಕ್ಕೆ ಇಳಿಸುತ್ತದೆ. ಅದರ ನಾಜಲ್ಲಿನ ತೂತು ಸ್ಥಿರ, ಹೆಚ್ಚು ಕಡಿಮೆ ಮಾಡುವ ವಾಲ್ವ್ ಇಲ್ಲ. ಬಾಯ್ಲರಿಗೆ ಹತ್ತಿರದ ಕಟ್ಟಡದವರು ಸೆಕೆ ತಡೆಯದೆ ಕಿಟಕಿ ತೆರೆಯುತ್ತಾರೆ, ಲೈನಿನ ತುದಿಯವರು ಕೋಟು ಹಾಕಿಕೊಂಡು ಮಲಗುತ್ತಾರೆ. ತುದಿಯಲ್ಲಿ ಯಾರಾದರೂ ನಾಜಲ್ ತೂತನ್ನು ದೊಡ್ಡದು ಮಾಡಿದರೆ ಅವರಿಗೆ ನೀರು ಹೆಚ್ಚು, ಪಕ್ಕದವರಿಗೆ ಇನ್ನೂ ಕಡಿಮೆ. ಕಟ್ಟಡದ ಒಳಗೆ ಒಂದೇ ಕೊಳವೆ ರೇಡಿಯೇಟರಿನಿಂದ ರೇಡಿಯೇಟರಿಗೆ ಸರಣಿಯಾಗಿ ಹೋಗುತ್ತದೆ. ರೇಡಿಯೇಟರನ್ನು ಬಿಟ್ಟು ನೀರು ಮುಂದೆ ಹೋಗಲು ಅಡ್ಡ ಕೊಳವೆ (ಬೈಪಾಸ್) ಇಲ್ಲದ ಕಡೆ ಒಬ್ಬರು ಮುಚ್ಚಿದರೆ ಆ ಸಾಲಿನ ಎಲ್ಲರಿಗೂ ಬಂದ್. ಮೀಟರ್ ಇಲ್ಲ, ಬಿಲ್ಲು ಮನೆಯ ಚದರ ಮೀಟರ್ ಲೆಕ್ಕದಲ್ಲಿ. ಉಳಿಸಿದರೆ ಯಾರಿಗೂ ಲಾಭವಿಲ್ಲ. ನೆಲದಡಿಯ ಕಾಂಕ್ರೀಟ್ ಕಾಲುವೆಯಲ್ಲಿ ನೀರು ನಿಂತು ಕೊಳವೆಯ ಶಾಖ ತಡೆಯುವ ಹೊದಿಕೆ ನೆನೆದರೆ ಶಾಖ ಮಣ್ಣಿಗೆ, ಕೊಳವೆಗೆ ಹೊರಗಿನಿಂದ ತುಕ್ಕು.

ದುರಸ್ತಿ ಶುರುವಾದದ್ದು ಎರಡು ತುದಿಯಿಂದ. ಸ್ವೀಡನ್ನಿನ ನೆರವಿನಿಂದ 1993ರ ನಂತರ ಸಣ್ಣ ಊರುಗಳ ಎಣ್ಣೆ ಬಾಯ್ಲರುಗಳನ್ನು ಮರದ ಚೂರಿಗೆ ಬದಲಿಸಿದರು. ದೇಶದ ಸುಮಾರು ಅರ್ಧ ಕಾಡು. ಹಳೆಯ ಬಾಯ್ಲರಿನ ಮುಂದೆ ಇಟ್ಟಿಗೆಯ ಒಳಗೋಡೆಯ ಪ್ರತ್ಯೇಕ ಒಲೆ ಕಟ್ಟಿ, ಅಲ್ಲಿನ ಬಿಸಿಗಾಳಿಯನ್ನು ಒಳಗೆ ಬಿಡುವುದು ಒಂದು ವಿಧಾನ. ಶೇ 40 ತೇವದ ಚೂರಿನ ಶಾಖ ಕಿಲೋಗೆ 10 ಮೆಗಾಜೂಲ್ ಸುಮಾರು, ಫರ್ನೇಸ್ ಆಯಿಲಿನದು 40. ಅಂದರೆ ಒಂದು ಕಿಲೋ ಎಣ್ಣೆಯ ಜಾಗಕ್ಕೆ ನಾಲ್ಕು ಕಿಲೋ ಚೂರು, ಅದಕ್ಕೆ ದಾಸ್ತಾನು ಶೆಡ್, ಅದನ್ನು ಸಾಗಿಸುವ ಕನ್ವೇಯರ್. ತೊಂದರೆ ಹುಟ್ಟುವುದೂ ಇಲ್ಲೇ. ಒದ್ದೆ ಚೂರು ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ, ಉದ್ದನೆಯ ಸೀಳೊಂದು ಬಂದರೆ ಚೂರನ್ನು ಒಳಗೆ ತಳ್ಳುವ ಸ್ಕ್ರೂ ಸಿಕ್ಕಿಕೊಳ್ಳುತ್ತದೆ, ತೇವ ಹೆಚ್ಚಾದರೆ ಬೆಂಕಿ ಆರುತ್ತದೆ. ಕಟ್ಟಡದ ತುದಿಯಲ್ಲಿ ಇಜೆಕ್ಟರ್ ತೆಗೆದು, ನೀರು ಬೆರೆಸದೆ ಶಾಖ ಮಾತ್ರ ದಾಟಿಸುವ ಹೀಟ್ ಎಕ್ಸ್‌ಚೇಂಜರ್, ಹೊರಗಿನ ಚಳಿ ಅಳೆದು ನೀರಿನ ಉಷ್ಣತೆ ಹೊಂದಿಸುವ ಕಂಟ್ರೋಲರ್, ಕಟ್ಟಡಕ್ಕೊಂದು ಶಾಖದ ಮೀಟರ್ ಬಂದವು. ರೇಡಿಯೇಟರಿಗೆ ಥರ್ಮೋಸ್ಟಾಟ್ ಹಾಕುವ ಮೊದಲು ಬೈಪಾಸ್ ಬೆಸೆಯಲೇಬೇಕು, ವಾಲ್ವೂ ಕಡಿಮೆ ತಡೆಯದ್ದೇ ಆಗಿರಬೇಕು. ಇಲ್ಲದಿದ್ದರೆ ಇಡೀ ಸಾಲು ತಣ್ಣಗಾಗುತ್ತದೆ. ಇದಕ್ಕೆಲ್ಲ ಹಣ ಹಾಕುವ ಒಡೆಯ ಬೇಕಿತ್ತು. ಮನೆಗಳು ಖಾಸಗಿಯಾಗಿ, ನಿವಾಸಿಗಳ ಸಹಕಾರ ಸಂಘಗಳು ಹುಟ್ಟಿದ ಮೇಲೆಯೇ ಆ ಒಡೆಯ ಸಿಕ್ಕಿದ್ದು.

ಗ್ರಿಡ್ ವಿಷಯ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 330 ಕೆ.ವಿ. ಲೈನುಗಳು ರಷ್ಯಾದ ಜಾಲಕ್ಕೆ ಜೋಡಣೆಯಾಗಿದ್ದವು, 50 ಹರ್ಟ್ಸ್ ಫ್ರೀಕ್ವೆನ್ಸಿ ಕಾಯುತ್ತಿದ್ದದ್ದು ಮಾಸ್ಕೋ. ಫಿನ್ಲೆಂಡಿಗೆ ಸಮುದ್ರದಡಿ ಎರಡು ಕೇಬಲ್ ಎಳೆದರು, 2006ರಲ್ಲಿ 350 ಮೆಗಾವಾಟ್, 2014ರಲ್ಲಿ 650. ಆದರೆ ಅವು ಡಿಸಿ. ವಿದ್ಯುತ್ ತರುತ್ತವೆ, ಫ್ರೀಕ್ವೆನ್ಸಿ ಥಟ್ಟನೆ ಕುಸಿಯದಂತೆ ತಡೆಯುವ ಭಾರಿ ಜನರೇಟರುಗಳ ತಿರುಗುವ ಜಡತ್ವವನ್ನು ತರುವುದಿಲ್ಲ. ಯೂರೋಪಿನ ಜೊತೆ ಸಿಂಕ್ರೊನೈಸ್ ಆಗಲು, ಅಂದರೆ ಒಂದೇ ಲಯದಲ್ಲಿ ಸೇರಲು, ಇದ್ದ ಎಸಿ ದಾರಿ ಲಿಥುವೇನಿಯಾ–ಪೋಲೆಂಡ್ ನಡುವಿನ ಒಂದೇ ಡಬಲ್ ಸರ್ಕ್ಯೂಟ್ ಲೈನ್, ಅದೂ 2015ರದ್ದು. ಅದು ಟ್ರಿಪ್ ಆದರೆ ಮೂರೂ ಬಾಲ್ಟಿಕ್ ದೇಶಗಳು (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ದ್ವೀಪವಾಗಿ ಬದುಕಬೇಕು. ಆದ್ದರಿಂದ ಉತ್ತರ–ದಕ್ಷಿಣ ಲೈನುಗಳನ್ನು ಬಲಪಡಿಸಿದರು, ಮೂರು ದೇಶಗಳಲ್ಲಿ ಸಿಂಕ್ರೊನಸ್ ಕಂಡೆನ್ಸರುಗಳನ್ನು, ಅಂದರೆ ಕರೆಂಟು ಉತ್ಪಾದಿಸದೆ ತಿರುಗುತ್ತ ಜಡತ್ವ ಕೊಡುವ ಯಂತ್ರಗಳನ್ನು, ಕೂರಿಸಿದರು. ಎಸ್ಟೋನಿಯಾದಲ್ಲಿ ಇರುವುದು ಮೂರು: ಪುಸ್ಸಿ, ಕೀಸಾ, ವಿರು. ಒಟ್ಟು ಖರ್ಚು 160 ಕೋಟಿ ಯೂರೋ, ಮುಕ್ಕಾಲು ಭಾಗ ಯೂರೋಪಿಯನ್ ಒಕ್ಕೂಟದ್ದು. 2025ರ ಫೆಬ್ರುವರಿ 8ರ ಬೆಳಿಗ್ಗೆ ಪೂರ್ವದ ಲೈನುಗಳನ್ನು ಬಿಡಿಸಿದರು, ಒಂದು ದಿನಕ್ಕೂ ಮೇಲೆ ತಾವೇ ಫ್ರೀಕ್ವೆನ್ಸಿ ಕಾದು ಪರೀಕ್ಷಿಸಿದರು, 9ರ ಮಧ್ಯಾಹ್ನ ಪೋಲೆಂಡಿನ ಮೂಲಕ ಸೇರಿಕೊಂಡರು.

ಗೇಜ್ ವಿಷಯದಲ್ಲಿ ಅವರು ಬೇರೆ ದಾರಿ ಹಿಡಿದಿದ್ದಾರೆ. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಕಿತ್ತು ಅದೇ ದಾರಿಯಲ್ಲಿ ಬ್ರಾಡ್‌ಗೇಜ್ ಹಾಕಿದ್ದನ್ನು ನೀವು ಬಲ್ಲಿರಿ. ಎಸ್ಟೋನಿಯಾ ರಷ್ಯಾದ ಅಗಲದ ಹಳೆಯ 1520 ಮಿ.ಮೀ. ಹಳಿಯನ್ನು ಹಾಗೇ ಇಟ್ಟುಕೊಂಡು, ಟಾಲಿನ್ನಿನಿಂದ ಪೋಲೆಂಡ್ ಗಡಿಯವರೆಗೆ 870 ಕಿ.ಮೀ. ಉದ್ದಕ್ಕೆ ಯೂರೋಪಿನ ಅಗಲದ 1435 ಮಿ.ಮೀ.ನ ಹೊಸ ಮಾರ್ಗವನ್ನು ನೆರೆಯ ಎರಡು ದೇಶಗಳ ಜೊತೆ ಸೇರಿ ಪ್ರತ್ಯೇಕವಾಗಿ ಕಟ್ಟುತ್ತಿದೆ. ಗುರಿ 2030.