ತಿರುವು ಬೇಡ, ಡಬ್ಬಿ ಎಲ್ಲಿದೆ ನೋಡಿ

ಅಂಕೋಲೆಯಿಂದ ಪತ್ರಿಕೆಗಳಿಗೆ ನಾಲ್ಕು ಕತೆ ಕಳಿಸಿದ್ದೀರಿ, ನಾಲ್ಕೂ ವಾಪಸ್. ಕತೆಯ ಕೊನೆಗೆ ಒಳ್ಳೆ ತಿರುವು ತರೋದು ಹೇಗೆ ಅಂತ ಕೇಳಿದ್ದೀರಿ. ತಿರುವಿನ ಆಸೆ ಬಿಡಿ. ನಾನೂ ಅದರ ಹಿಂದೆಯೇ ಮೂರು ವರ್ಷ ಓಡಿದವ.

ನನ್ನ ಕತೆಯಲ್ಲಿ ಮೀನು ಮಾರುವ ಹೆಂಗಸೊಬ್ಬಳಿದ್ದಳು. ಜೂನ್ 1ರಿಂದ ಜುಲೈ 31, ಯಾಂತ್ರಿಕ ದೋಣಿಗಳಿಗೆ ನಿಷೇಧದ 61 ದಿನ. ಗೋವಾಕ್ಕೆ ದುಡಿಯಲು ಹೋದ ಮಗ ಬಂದಿಲ್ಲ. ಕೊನೆಯಲ್ಲಿ ಖಾಲಿ ಬುಟ್ಟಿ ತೊಳೆದು ಜಗಲಿಯಲ್ಲಿ ಕವುಚಿ ಹಾಕುತ್ತಾಳೆ. ಅಲ್ಲಿಗೇ ನಿಲ್ಲಿಸದೆ ಕೊಸರು ಹಾಕಿದೆ: ‘ಅವಳ ಬದುಕೂ ಆ ಬುಟ್ಟಿಯಂತೆ ಬರಿದಾಗಿತ್ತು.’

ಕತೆ ವಾಪಸ್ ಬಂತು. ಕೊನೆಯ ಸಾಲು ಹೊಡೆದುಹಾಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಯಾಕೆಂದರೆ ಆ ಸಾಲನ್ನು ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ, ಇಡೀ ಕತೆ ಅದರ ಚಾಕರಿ ಮಾಡುತ್ತಿತ್ತು. ಮಳೆಗಾಲದಲ್ಲಿ ಅವಳ ಬುಟ್ಟಿ ಖಾಲಿ ಇರುತ್ತದೆ ಅಂದವರು ಯಾರು? ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನಿರುತ್ತದೆ, ಒಣ ಸಿಗಡಿ ಇರುತ್ತದೆ, ಹೊಳೆಯಲ್ಲಿ ನಾಡದೋಣಿಯವರು ಹಿಡಿದದ್ದೂ ನಾಲ್ಕು ಬರುತ್ತದೆ. ಉಪಮೆಗೆ ಬೇಕು ಅಂತ ಬುಟ್ಟಿ ಖಾಲಿ ಮಾಡಿದವ ನಾನು. ದಿನಾ ಮೀನು ಕೊಳ್ಳುವ ಊರಲ್ಲೇ ಇದ್ದುಕೊಂಡು! ಮಗನ ಸುದ್ದಿಯೂ ಮೊದಲ ಪುಟದಲ್ಲೊಮ್ಮೆ ಬಂದದ್ದು ಮತ್ತೆ ಬರಲಿಲ್ಲ. ಕೊನೆಯ ಸಾಲು ಎಲ್ಲ ಹೇಳುತ್ತದಲ್ಲ ಅನ್ನುವ ಧೈರ್ಯ. ವಿವರಣೆಯ ಸಾಲಿನಿಂದ ಓದುವವನಿಗೆ ಆಗುವ ಕಿರಿಕಿರಿ ಸಣ್ಣದು. ಬರೆಯುವವನು ನೋಡುವುದನ್ನೇ ಬಿಡುತ್ತಾನಲ್ಲ, ನಷ್ಟ ಅಲ್ಲಿದೆ.

ಸರಿಮಾಡಿದ್ದು ಹೀಗೆ. ಮಗನಿಗೆ ಇಷ್ಟ ಅಂತ ಒಂದು ಡಬ್ಬಿ ಒಣ ಸಿಗಡಿ ತೆಗೆದಿಟ್ಟಿದ್ದಾಳೆ. ಜುಲೈ ಕೊನೆಗೆ ಗಿರಾಕಿ ಬಂದಾಗ ಅದನ್ನೇ ಸಿದ್ದೆಯಲ್ಲಿ ಅಳೆದು ಕೊಡುತ್ತಾಳೆ. ತಿರುವಲ್ಲ, ವ್ಯಾಪಾರ. ಆದರೆ ಡಬ್ಬಿ ಎರಡನೇ ಪುಟದಲ್ಲೇ ಬಂದಿರಬೇಕು, ಅದೂ ಬೇರೆ ಕೆಲಸದ ನಡುವೆ, ಇರುವೆ ಹತ್ತಿತೋ ಅಂತ ಮುಚ್ಚಳ ತೆಗೆದು ನೋಡುವಾಗ. ಕೊನೆಯ ಪುಟದಲ್ಲಿ ಮೊದಲ ಸಲ ಕಾಣಿಸಿದರೆ ಮೋಸ ಅನಿಸುತ್ತದೆ.

ನಿಮ್ಮ ನಾಲ್ಕೂ ಕತೆ 15 ದಿನ ಮುಟ್ಟಬೇಡಿ. ಆಮೇಲೆ ಕೊನೆಯ ಪ್ಯಾರಾ ಕೈಯಿಂದ ಮುಚ್ಚಿ ಓದಿ. ಅದಿಲ್ಲದೆಯೂ ಕತೆ ಪೂರ್ತಿ ಅನಿಸಿದರೆ ಆ ಪ್ಯಾರಾ ತೆಗೆಯಿರಿ, ಅದರ ಮೇಲಿನದನ್ನು ಮುಚ್ಚಿ ನೋಡಿ. ಸಾಮಾನ್ಯವಾಗಿ ಎರಡು ಹೋಗುತ್ತವೆ. ‘ಯಾಕೋ’, ‘ಏನೋ ಒಂಥರಾ’, ‘ಶೂನ್ಯ’, ‘ಮೌನ’ ಇವಕ್ಕೆ ಕೆಂಪು ಗೆರೆ ಎಳೆಯಿರಿ. ಗೆರೆ ಬಿದ್ದ ಕಡೆಯೆಲ್ಲ ನೀವು ನೋಡದೇ ಬರೆದಿದ್ದೀರಿ. ಪದ ಬದಲಿಸಿದರೆ ಸಾಲದು, ಆ ಹೊತ್ತಿಗೆ ಪಾತ್ರದ ಕೈ ಏನು ಮಾಡುತ್ತಿತ್ತು ಅಂತ ಹುಡುಕಿ. ಮಾತುಗಳನ್ನಷ್ಟೇ ಗಟ್ಟಿಯಾಗಿ ಓದಿ. ಹೆಸರು ತೆಗೆದರೂ ಯಾರ ಮಾತು ಅಂತ ತಿಳಿಯಬೇಕು. ಅಂಕೋಲೆಯ ಮಾತಿಗೆ ಕಂಸದಲ್ಲಿ ಅರ್ಥ ಕೊಡಬೇಡಿ, ಬೆಂಗಳೂರಿನವರಿಗೂ ಸಂದರ್ಭದಿಂದ ತಿಳಿಯುತ್ತದೆ.

‘ನಮ್ಮ ಊರಲ್ಲಿ ಕತೆ ಆಗುವಂಥದ್ದು ಏನಿದೆ’ ಅಂತಲೂ ಬರೆದಿದ್ದೀರಿ. ಕತೆಗಾರ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬರೆದರು. ಹನೇಹಳ್ಳಿ ನಿಮ್ಮ ಪಕ್ಕದಲ್ಲೇ ಇದೆಯಪ್ಪ! ಅವರದೊಂದು ಕತೆ ಮೂರು ಸಲ ಓದಿ. ಮೊದಲು ಸುಮ್ಮನೆ, ಎರಡನೇ ಸಲ ಕಾಲ ಎಲ್ಲೆಲ್ಲಿ ಹಿಂದೆ ಮುಂದೆ ಜಿಗಿಯಿತು ಅಂತ ಗುರುತು ಹಾಕುತ್ತ, ಮೂರನೇ ಸಲ ಕೊನೆಗೆ ಕೆಲಸಕ್ಕೆ ಬಂದ ವಸ್ತು ಮೊದಲು ಯಾವ ಪುಟದಲ್ಲಿ ಕಾಣಿಸಿತ್ತು ಅಂತ ಹುಡುಕುತ್ತ.

ಸ್ಪರ್ಧೆಗೆ ಕಳಿಸಲೋ ವಾರಪತ್ರಿಕೆಗೋ ಅಂತ ಕೇಳಿದ್ದೀರಿ, ಅದು ದೊಡ್ಡ ವಿಷಯವಲ್ಲ. ಪದಮಿತಿ ನೋಡಿ ಕಳಿಸಿ, ಒಂದೇ ಕತೆ ಎರಡು ಕಡೆ ಒಟ್ಟಿಗೆ ಮಾತ್ರ ಬೇಡ.