ಎರಡನೇ ಡಿಸ್ಕ್‌ನಲ್ಲಿ ಏನಿದೆ?

ಹಳೆಯ ಸಿನಿಮಾಗಳ ಡಿವಿಡಿ, ಬ್ಲೂ-ರೇ ಜೊತೆ ಬರುವ ‘ಬೋನಸ್’ (ಸಂದರ್ಶನ, ಕಾಮೆಂಟರಿ, ಕತ್ತರಿಸಿದ ದೃಶ್ಯ ಇಂಥವು) ಬಗ್ಗೆ ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ಪತ್ರಗಳು ರಾಶಿ ಬಿದ್ದಿವೆ. ಬೇರೆ ಪ್ರಶ್ನೆಗಳು ಮುಂದಿನ ತಿಂಗಳಿಗೆ ಇರಲಿ. ಈ ಸಲ ಪೂರ್ತಿ ಇದೇ.

ಮಗ ಅಮೆರಿಕದಿಂದ ಸತ್ಯಜಿತ್ ರಾಯ್ ಅವರ ‘ಅಪು’ ಚಿತ್ರಗಳ ಬ್ಲೂ-ರೇ ಪೆಟ್ಟಿಗೆಯನ್ನು ಪ್ಲೇಯರ್ ಸಮೇತ ತಂದುಕೊಟ್ಟಿದ್ದಾನೆ. ಮೂರೂ ಸಿನಿಮಾ ನೋಡಿ ಆಯಿತು. ಜೊತೆಗಿರುವ ಸಂದರ್ಶನ, ಭಾಷಣ ಎಲ್ಲಾ ನೋಡಲೇಬೇಕಾ? — ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಎಲ್ಲಾ ಬೇಡ ಮೇಡಂ. ಪರೀಕ್ಷೆ ಏನೂ ಇಲ್ಲವಲ್ಲ! ಆದರೆ ಎರಡನ್ನು ಬಿಡಬೇಡಿ.

ಮೊದಲನೆಯದು, ಈ ಚಿತ್ರಗಳನ್ನು ಉಳಿಸಿದ ಕಥೆ. 1993ರ ಜುಲೈಯಲ್ಲಿ ಲಂಡನ್ನಿನ ಹೆಂಡರ್ಸನ್ಸ್ ಫಿಲ್ಮ್ ಲ್ಯಾಬ್‌ಗೆ ಬೆಂಕಿ ಬಿತ್ತು. ರಾಯ್ ಅವರ ಹಲವು ಚಿತ್ರಗಳ ಮೂಲ ನೆಗೆಟಿವ್ ಅಲ್ಲೇ ಇತ್ತು. ರಾಯ್ ತೀರಿಹೋಗಿ ಆಗಿನ್ನೂ ಸುಮಾರು ಒಂದೂಕಾಲು ವರ್ಷ. ಸುಟ್ಟು ಕರಗಿ ಅಂಟಿಕೊಂಡ ರೀಲುಗಳನ್ನು ಯಾರಾದರೂ ಎಸೆದುಬಿಡುತ್ತಿದ್ದರು. ಎಸೆಯಲಿಲ್ಲ. ಆಸ್ಕರ್ ಕೊಡುವ ಅಕಾಡೆಮಿಯ ಸಂಗ್ರಹಾಲಯ ಅವನ್ನು ಹಾಗೇ ತರಿಸಿ ಇಟ್ಟುಕೊಂಡಿತು. ಆಗ ಅವನ್ನು ಸರಿ ಮಾಡುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಎರಡು ದಶಕ ಕಳೆದ ಮೇಲೆ ಈ ಡಿಸ್ಕ್‌ಗಳನ್ನು ಹೊರತಂದ ಕ್ರೈಟೀರಿಯನ್ ಕಂಪನಿಯವರು ಅಕಾಡೆಮಿ ಜೊತೆ ಸೇರಿ ಕೆಲಸಕ್ಕೆ ಕೈಹಾಕಿದರು. ರೀಲುಗಳು ಇಟಲಿಯ ಬೊಲೋನ್ಯಾ ಊರಿನ ‘ಲಿಮ್ಮಾಜಿನೆ ರಿತ್ರೊವಾತಾ’ ಎಂಬ ಲ್ಯಾಬ್‌ಗೆ ಹೋದವು. ಅಲ್ಲಿನವರು ಒಣಗಿ ಮುರುಕಾದ ಫಿಲ್ಮನ್ನು ಮೆದು ಮಾಡಿದರು. ಕರಗಿದ ಅಂಟು, ಮೇಣ ಕೆರೆದು ತೆಗೆದರು. ರೀಲಿನ ಅಂಚಿನ ತೂತುಗಳನ್ನು ಹೊಸದಾಗಿ ಕಟ್ಟಿದರು. ಕೈಕೆಲಸವೇ ಹತ್ತಿರ ಹತ್ತಿರ ಸಾವಿರ ಗಂಟೆ. ‘ಪಥೇರ್ ಪಾಂಚಾಲಿ’ಯ ಶೇ. 40ರಷ್ಟು, ‘ಅಪರಾಜಿತೊ’ದ ಶೇ. 60ಕ್ಕೂ ಜಾಸ್ತಿ ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಬಂದಿದೆ. ‘ಅಪುರ್ ಸಂಸಾರ್’ಗೆ ಆ ಅದೃಷ್ಟ ಇರಲಿಲ್ಲ. ಅದನ್ನು ಬೇರೆ ಕಡೆ ಉಳಿದಿದ್ದ ಪ್ರತಿಗಳಿಂದ ತಯಾರಿಸಿದರು. ಇದನ್ನು ನೋಡಿ, ಆಮೇಲೆ ಮೊದಲ ಚಿತ್ರದ ರೈಲಿನ ದೃಶ್ಯವನ್ನು ಇನ್ನೊಮ್ಮೆ ಹಾಕಿ. ಅದು ಹೇಗೆ ಕಾಣಿಸುತ್ತದೆ ಅಂತ ನನಗೆ ಬರೆಯಿರಿ.

ಎರಡನೆಯದರಲ್ಲಿ ಚಿತ್ರವೇ ಇಲ್ಲ, ಬರೀ ಧ್ವನಿ. 1958ರಲ್ಲಿ ರಾಯ್ ತಮ್ಮದೇ ಒಂದು ಪ್ರಬಂಧ ಓದಿದ ಧ್ವನಿಮುದ್ರಣ. ‘ಪಥೇರ್ ಪಾಂಚಾಲಿ’ ಮಾಡಲು ಪಟ್ಟ ಪಾಡು ಅದರಲ್ಲಿದೆ. ಇಸವಿ ಗಮನಿಸಿ. ‘ಅಪುರ್ ಸಂಸಾರ್’ ಬಿಡುಗಡೆಯಾದದ್ದು 1959ರಲ್ಲಿ. ಅಂದರೆ ಇಲ್ಲಿ ಮಾತಾಡುತ್ತಿರುವುದು ಹಿರಿಯ ರಾಯ್ ಅಲ್ಲ, ನಲವತ್ತು ಮುಟ್ಟದ, ಮೂರನೇ ಭಾಗವನ್ನು ಇನ್ನೂ ಜನರ ಮುಂದಿಡದ ರಾಯ್. ಅದೇ ಪೆಟ್ಟಿಗೆಯಲ್ಲಿ 1992ರ ಆಸ್ಕರ್ ಗೌರವದ ತುಣುಕೂ ಇದೆ. ಅಲ್ಲಿ ಅವರು ಕೋಲ್ಕತ್ತದಲ್ಲಿ ಆಸ್ಪತ್ರೆಯ ಹಾಸಿಗೆ ಮೇಲಿದ್ದಾರೆ. ಎರಡನ್ನೂ ಒಂದೇ ದಿನ ನೋಡಬೇಡಿ, ಕಷ್ಟವಾಗುತ್ತದೆ.

ಉಳಿದದ್ದು ನಿಮ್ಮ ಬಿಡುವಿಗೆ. ವಿದ್ವಾಂಸರ ವಿವರಣೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೂ ಕೆಲವು ಸಲ ನಿದ್ದೆ ಬಂದಿದೆ.

ಬೋನಸ್ ಅಂದರೆ ಏನು ನೋಡಿ ಕೊಳ್ಳಬೇಕು? ರಟ್ಟಿನ ಮೇಲೆ ಎಲ್ಲರೂ ‘ವಿಶೇಷ’ ಅಂತಲೇ ಬರೆದಿರುತ್ತಾರೆ. — ಬ್ಯಾಂಕ್ ಉದ್ಯೋಗಿ, ಮಂಗಳೂರು

ಎರಡೇ ವಿಷಯ ನೋಡಿ. ಮಾತಾಡುತ್ತಿರುವವರು ಯಾರು? ಮಾತಾಡಿದ್ದು ಯಾವಾಗ? ಶೂಟಿಂಗ್ ಜಾಗದಲ್ಲಿದ್ದವರ ಮಾತಿದ್ದರೆ, ಅವರು ಲೈಟ್ ಹಿಡಿದ ಹುಡುಗನೇ ಆದರೂ, ತಗೊಳ್ಳಿ. ಇವತ್ತಿನ ದೊಡ್ಡ ನಿರ್ದೇಶಕರು ಬಂದು ‘ಈ ಚಿತ್ರ ನನ್ನ ಬದುಕನ್ನೇ ಬದಲಿಸಿತು’ ಎನ್ನುವುದಷ್ಟೇ ಇದ್ದರೆ ಅದು ಜಾಹೀರಾತು. ಸ್ಟಿಲ್ ಫೋಟೋಗಳ ಗ್ಯಾಲರಿಯನ್ನು ನಾನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ತುಮಕೂರಿನಲ್ಲಿ ನಾನು ವಿಡಿಯೋ ಲೈಬ್ರರಿ ನಡೆಸುತ್ತಿದ್ದಾಗ ಎರಡು ಡಿಸ್ಕ್ ಇರುವ ಡಿವಿಡಿ ಬಾಡಿಗೆಗೆ ಕೊಟ್ಟರೆ ಗಿರಾಕಿಗಳು ವಾಪಸ್ ತಂದು ಜಗಳಕ್ಕೆ ನಿಲ್ಲುತ್ತಿದ್ದರು. “ಅಣ್ಣಾ, ಇನ್ನೊಂದರಲ್ಲಿ ಸಿನಿಮಾನೇ ಇಲ್ಲ, ಯಾರೋ ಮುದುಕರು ಕೂತ್ಕೊಂಡು ಮಾತಾಡ್ತಾರೆ!” ಕೊನೆಗೆ ಎರಡನೇ ಡಿಸ್ಕನ್ನು ತೆಗೆದಿಟ್ಟು ಒಂದನ್ನೇ ಕೊಡತೊಡಗಿದೆ. ರಾತ್ರಿ ಶಟರ್ ಎಳೆದ ಮೇಲೆ ಆ ಮುದುಕರ ಜೊತೆ ನಾನೊಬ್ಬನೇ ಕೂರುತ್ತಿದ್ದೆ. ನನ್ನ ಸಿನಿಮಾ ಓದು ಅಲ್ಲೇ ಆದದ್ದು.

ಸಿನಿಮಾ ಓಡುವಾಗಲೇ ಮೇಲೆ ಮಾತಾಡುವ ‘ಕಾಮೆಂಟರಿ’ ಎಲ್ಲಿಂದ ಶುರುವಾಯಿತು? ಅದರಿಂದ ನೋಡುವ ಮಜಾ ಹಾಳಾಗಲ್ವಾ? — ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಮೊದಲ ಸಲ ನೋಡುವಾಗ ಹಾಕಿದರೆ ಹಾಳಾಗುತ್ತದೆ. ಎರಡನೇ ಸಲಕ್ಕೆ ಇಟ್ಟುಕೊಳ್ಳಪ್ಪ.

ಶುರುವಾದದ್ದು 1984ರಲ್ಲಿ. ಆಗ ಲೇಸರ್ ಡಿಸ್ಕ್ ಅಂತ ಇತ್ತು. ನೋಡಲು ಗ್ರಾಮಫೋನ್ ತಟ್ಟೆಯಷ್ಟೇ ದೊಡ್ಡದು, 12 ಇಂಚು. ಒಂದು ಬದಿಗೆ ಅರ್ಧ ಗಂಟೆ ಅಥವಾ ಒಂದು ಗಂಟೆ ಚಿತ್ರ. ಅದರಲ್ಲಿ ಧ್ವನಿಗೆ ಎರಡು ಟ್ರ್ಯಾಕ್ ಇದ್ದವು. ಸ್ಟೀರಿಯೋ ಹಾಡಿಗೆ ಎರಡೂ ಬೇಕು. ಆದರೆ 1933ರ ‘ಕಿಂಗ್ ಕಾಂಗ್’ ಮೋನೋ ಚಿತ್ರ, ಒಂದೇ ಸಾಕು. ಇನ್ನೊಂದು ಖಾಲಿ! ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದಲ್ಲಿ ಸಿನಿಮಾ ವಿಭಾಗ ನೋಡಿಕೊಳ್ಳುತ್ತಿದ್ದ ರೊನಾಲ್ಡ್ ಹೇವರ್ ಅವರನ್ನು ಕೂರಿಸಿ, ಚಿತ್ರ ನೋಡುತ್ತಾ ಮಾತಾಡಿಸಿ, ಆ ಖಾಲಿ ಟ್ರ್ಯಾಕನ್ನು ಕ್ರೈಟೀರಿಯನ್‌ನವರು ತುಂಬಿದರು. ದೊಡ್ಡ ಯೋಜನೆ ಏನಲ್ಲ. ಜಾಗ ಇತ್ತು, ಮಾತಾಡಲು ಬಾಯಿ ಬರುವ ಮನುಷ್ಯ ಇದ್ದ. ಡಿವಿಡಿ ಬಂದ ಮೇಲೆ ಟ್ರ್ಯಾಕುಗಳು ಹೆಚ್ಚಾದವು, ಕಾಮೆಂಟರಿ ಮಾಮೂಲಾಯಿತು.

ಎಲ್ಲಿಂದ ಹಿಡಿಯಲಿ ಅಂತ ಕೇಳಿದರೆ ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಸೆವೆನ್ ಸಮುರಾಯ್’. 207 ನಿಮಿಷದ ಚಿತ್ರ. ಕ್ರೈಟೀರಿಯನ್ ಡಿಸ್ಕ್‌ನಲ್ಲಿ ಎರಡು ಕಾಮೆಂಟರಿ ಇವೆ. ಒಂದರಲ್ಲಿ ಐವರು ವಿದ್ವಾಂಸರು ಸರದಿ ಮೇಲೆ ಮಾತಾಡುತ್ತಾರೆ. ಇನ್ನೊಂದರಲ್ಲಿ ಮೈಕೇಲ್ ಜೆಕ್ ಒಬ್ಬರೇ, ಲೇಸರ್ ಡಿಸ್ಕ್ ಕಾಲದಲ್ಲೇ ಮಾಡಿದ್ದು. ನನ್ನ ಓಟು ಜೆಕ್‌ಗೆ. ಹರಿಕಥೆ ದಾಸರು ಕಥೆ ನಿಲ್ಲಿಸದೆ ನಡುವೆ ಉಪಕಥೆ ನುಗ್ಗಿಸುತ್ತಾರಲ್ಲ, ಹಾಗೆ. ಐವರು ಸರದಿಯಲ್ಲಿ ಬಂದಾಗ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುವುದಿಲ್ಲ.

ಹಳೆಯ ಸಿನಿಮಾಗಳಿಂದ ಕತ್ತರಿಸಿದ ದೃಶ್ಯಗಳು ಎಲ್ಲಾದರೂ ಸಿಗುತ್ತವಾ? — ಗೃಹಿಣಿ, ಹಾಸನ

ಅಪರೂಪಕ್ಕೆ. ಆಗ ಕತ್ತರಿಸಿದ ತುಂಡಿಗೆ ಮುಂದೊಂದು ದಿನ ಬೆಲೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು? ಆರ್ಸನ್ ವೆಲ್ಸ್ ಅವರ ‘ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ನಿಂದ (1942) ನಲವತ್ತಕ್ಕೂ ಜಾಸ್ತಿ ನಿಮಿಷ ತೆಗೆದರು. ಆ ನೆಗೆಟಿವ್ ಉಳಿಯಲಿಲ್ಲ.

1939ರ ‘ವಿಝರ್ಡ್ ಆಫ್ ಆಝ್’ನಲ್ಲಿ ‘ಜಿಟರ್‌ಬಗ್’ ಅಂತ ಒಂದು ಹಾಡು-ಕುಣಿತ ಇತ್ತು. ತೆಗೆದು ಹಾಕಿದರು, ಫಿಲ್ಮ್ ಸಿಗಲಿಲ್ಲ. ಆದರೆ ಸಂಗೀತ ನಿರ್ದೇಶಕ ಹೆರಾಲ್ಡ್ ಆರ್ಲೆನ್ ತಮ್ಮ ಮನೆಯ ಕ್ಯಾಮೆರಾದಲ್ಲಿ ತಾಲೀಮನ್ನು ಹಿಡಿದಿದ್ದರು. ಧ್ವನಿಯಿಲ್ಲದ ಆ ಚೂರಿಗೆ ಉಳಿದಿದ್ದ ಹಾಡಿನ ರೆಕಾರ್ಡಿಂಗ್ ಸೇರಿಸಿ ಡಿಸ್ಕ್‌ಗಳಲ್ಲಿ ಕೊಟ್ಟಿದ್ದಾರೆ. ನೋಡಿದರೆ ತೆಗೆದದ್ದೇ ಒಳ್ಳೇದಾಯಿತು ಅನ್ನಿಸುತ್ತದೆ, ಅದು ಬೇರೆ ಮಾತು.

ಮೇಲೆ ಹೇಳಿದೆನಲ್ಲ, ರೊನಾಲ್ಡ್ ಹೇವರ್, ಈ ಹುಡುಕಾಟದಲ್ಲೂ ಅವರೇ. ಜೂಡಿ ಗಾರ್ಲಂಡ್ ನಟಿಸಿದ ‘ಎ ಸ್ಟಾರ್ ಈಸ್ ಬಾರ್ನ್’ (1954) ಬಿಡುಗಡೆಯಾದ ಮೇಲೆ ಸ್ಟುಡಿಯೋದವರು ಅರ್ಧ ಗಂಟೆಯಷ್ಟು ಕತ್ತರಿಸಿದ್ದರು. ಹೇವರ್ ಗೋದಾಮುಗಳನ್ನು ಜಾಲಾಡಿದರು. ಧ್ವನಿ ಪೂರ್ತಿ ಸಿಕ್ಕಿತು, ಚಿತ್ರ ಪೂರ್ತಿ ಸಿಗಲಿಲ್ಲ. ಸಿಗದ ಕಡೆ ಸ್ಟಿಲ್ ಫೋಟೋಗಳನ್ನು ಹಾಕಿ, ಹಿಂದೆ ಮಾತು ಕೇಳಿಸಿ, 1983ರಲ್ಲಿ ಚಿತ್ರವನ್ನು ಮತ್ತೆ ಜೋಡಿಸಿದರು. ಸ್ಟಿಲ್ ಗ್ಯಾಲರಿಯನ್ನು ಲೆಕ್ಕಕ್ಕೆ ಹಿಡಿಯಲ್ಲ ಅಂದೆನಲ್ಲ, ಇದೊಂದಕ್ಕೆ ವಿನಾಯಿತಿ.

ಟ್ರೈಲರ್, ಕಾರ್ಟೂನ್ ಎಲ್ಲಾ ಯಾಕೆ ತುಂಬುತ್ತಾರೆ? — ಹುಬ್ಬಳ್ಳಿ

ಬಹಳ ಸಲ ಜಾಗ ತುಂಬಿಸಲು. ಆದರೆ ವಾರ್ನರ್‌ನವರು ‘ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ (1938) ಡಿವಿಡಿಯಲ್ಲಿ ಅದನ್ನೇ ಚೆನ್ನಾಗಿ ಮಾಡಿದ್ದಾರೆ. ಆ ಕಾಲದ ಸುದ್ದಿಚಿತ್ರ, ಕಿರುಚಿತ್ರ, ಕಾರ್ಟೂನ್, ಟ್ರೈಲರ್ ಆದ ಮೇಲೆ ಸಿನಿಮಾ. ಆಗ ಟಾಕೀಸಿಗೆ ಹೋದವರು ನೋಡುತ್ತಿದ್ದ ಕ್ರಮದಲ್ಲೇ. ಮಕ್ಕಳ ಜೊತೆ ಭಾನುವಾರಕ್ಕೆ ಹೇಳಿ ಮಾಡಿಸಿದ್ದು.

ಮೈಸೂರಿನಲ್ಲಿರುವ ಅಪ್ಪನಿಗೆ ಇಲ್ಲಿಂದ ಡಿಸ್ಕ್ ಕಳಿಸಿದರೆ ಓಡುತ್ತದೆಯೇ? — ನ್ಯೂಜೆರ್ಸಿ

ನೋಡಿ ಕಳಿಸಿ. ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅಂತ ಹಾಕುವ ಗುರುತಿಗೆ ‘ರೀಜನ್’ ಅನ್ನುತ್ತಾರೆ. ಡಿವಿಡಿಗೆ ಅಮೆರಿಕ ರೀಜನ್ 1, ಭಾರತ 5. ಬ್ಲೂ-ರೇಗೆ ಅಮೆರಿಕ ಎ, ಭಾರತ ಸಿ. ಲಾಕ್ ಇರುವ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಬಾಯೇ ಬಿಡುವುದಿಲ್ಲ. 4ಕೆ ಯುಎಚ್‌ಡಿ ಡಿಸ್ಕ್‌ಗೆ ಈ ಕಾಟ ಇಲ್ಲ. ಆದರೆ ಬೋನಸ್ ಬಹಳ ಸಲ ಜೊತೆಗೆ ಬರುವ ಬ್ಲೂ-ರೇಯಲ್ಲಿ ಇರುತ್ತದೆ, ಹುಷಾರು. ಪ್ಲೇಯರ್ ಕಳಿಸುವುದಾದರೆ ಹಿಂದೆ 100-240 ವೋಲ್ಟ್ ಅಂತ ಬರೆದಿದೆಯಾ ನೋಡಿ. ಬರೀ 110 ಇದ್ದರೆ ಅಪ್ಪ ಸ್ವಿಚ್ ಹಾಕಿದ ಕೂಡಲೇ ಕಥೆ ಮುಗಿಯಿತು.

ಕನ್ನಡದ ಹಳೆಯ ಚಿತ್ರಗಳಿಗೆ ಇಂಥದ್ದು ಯಾಕಿಲ್ಲ? — ಉಪನ್ಯಾಸಕರು, ಕಲಬುರಗಿ

ನಮ್ಮ ಹಳೆಯ ಚಿತ್ರಗಳು ಮನೆಗೆ ಬಂದದ್ದು ಹೆಚ್ಚಾಗಿ ವಿಸಿಡಿಯಲ್ಲಿ. ಒಂದು ತಟ್ಟೆಗೆ 80 ನಿಮಿಷದ ಒಳಗೆ, ಚಿತ್ರದ ಅಳತೆ 352 x 288 ಪಿಕ್ಸೆಲ್ ಅಷ್ಟೇ. ಸಿನಿಮಾ ಹಿಡಿಸಲೇ ಎರಡು ಮೂರು ತಟ್ಟೆ ಬೇಕು. ಬೋನಸ್‌ಗೆ ಜಾಗ ಎಲ್ಲಿ ಅಂತ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಡ ಸ್ಪೀಕರ್‌ಗೆ ಇಂಗ್ಲಿಷ್, ಬಲಕ್ಕೆ ಹಿಂದಿ ಹಾಕಿದ ವಿಸಿಡಿಗಳು ನನ್ನ ಅಂಗಡಿಯಲ್ಲೇ ಇದ್ದವು. ನಮ್ಮ ಹಳೆಯ ಚಿತ್ರಗಳೂ ಮೋನೋ. ‘ಕಿಂಗ್ ಕಾಂಗ್’ಗೆ ಮಾಡಿದ್ದನ್ನೇ ಇಲ್ಲೂ ಮಾಡಬಹುದಿತ್ತು. ಬೇಕಾಗಿದ್ದದ್ದು ಒಂದು ಮೈಕು, ಒಂದು ಮಧ್ಯಾಹ್ನ.

‘ಸಂಸ್ಕಾರ’ವನ್ನೇ ತಗೊಳ್ಳಿ. 1970ರ ಚಿತ್ರ. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಶೂಟಿಂಗ್. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್ ಮೊದಲು ತಡೆಯಿತು, ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಒಂದೊಂದೂ ಒಂದೊಂದು ಗಂಟೆಯ ಮಾತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ನಟಿಸಿದ ಸ್ನೇಹಲತಾ ರೆಡ್ಡಿ, ಲಂಕೇಶ್, ಕಾರ್ನಾಡ್ ಯಾರೂ ಈಗಿಲ್ಲ. ಚಿತ್ರ ಓಡಿಸಿ ನಾಲ್ವರನ್ನೂ ಒಟ್ಟಿಗೆ ಕೂರಿಸುವ ಅವಕಾಶ 1977ಕ್ಕೇ, ಸ್ನೇಹಲತಾ ತೀರಿಕೊಂಡಾಗಲೇ, ಮುಗಿದಿತ್ತು. ಉಳಿದ ಮೂವರಿಗೆ 2000ದವರೆಗೂ ಸಮಯ ಇತ್ತಲ್ಲ!

ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಗುರುದತ್ ಅವರ ‘ಕಾಗಜ್ ಕೆ ಫೂಲ್’ನಲ್ಲಿ (1959) ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋ ಒಳಗೆ ತಿರುಗಿಸಿ ಆ ಬೆಳಕಿನ ಕೋಲು ಹಿಡಿದವರು. ಅವರ ಮಾತು 1989ರಲ್ಲಿ ನಸ್ರೀನ್ ಮುನ್ನಿ ಕಬೀರ್ ಗುರುದತ್ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಉಳಿದಿದೆ. ಅದನ್ನು ಮಾಡಿಸಿದ್ದು ಬ್ರಿಟನ್ನಿನ ಚಾನೆಲ್ 4.

ಹಾಗಂತ ಎಲ್ಲಾ ಮುಗಿದಿಲ್ಲ. ‘ಘಟಶ್ರಾದ್ಧ’ದ (1977) ಮೂಲ ನೆಗೆಟಿವ್ ಪುಣೆಯ ಫಿಲ್ಮ್ ಆರ್ಕೈವ್‌ನಲ್ಲಿ ಇತ್ತು. ಅದೇ ಬೊಲೋನ್ಯಾ ಲ್ಯಾಬ್‌ನಲ್ಲಿ ಚಿತ್ರ ಹೊಸದಾಯಿತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದರ ನಿರ್ದೇಶಕ ಗಿರೀಶ ಕಾಸರವಳ್ಳಿ ನಮ್ಮ ಜೊತೆಯೇ ಇದ್ದಾರೆ. ನಿಮ್ಮ ಕಾಲೇಜಿನಲ್ಲಿ ಸಿನಿಮಾ ಸಂಘ ಇದೆ ಅಂತ ಬರೆದಿದ್ದೀರಿ. ಅವರನ್ನು ಕರೆಸಿ, ಚಿತ್ರ ಓಡಿಸಿ, ಪಕ್ಕದಲ್ಲಿ ರೆಕಾರ್ಡರ್ ಇಡಿ. ಸನ್ಮಾನ, ಹಾರ-ತುರಾಯಿ, ಅಧ್ಯಕ್ಷರ ಭಾಷಣ ಮಾತ್ರ ಆಮೇಲೆ ಇಟ್ಟುಕೊಳ್ಳಿ.

ಡಿಸ್ಕ್ ಒರೆಸುವುದು ಹೇಗೆ? — ತೀರ್ಥಹಳ್ಳಿ

ಮೆತ್ತಗಿನ ಹತ್ತಿ ಬಟ್ಟೆಯಲ್ಲಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ. ಸುತ್ತಲೂ ಉಜ್ಜಬೇಡಿ. ನಿಮ್ಮ ಕಡೆಯ ಮಳೆಗಾಲಕ್ಕೆ ಡಿಸ್ಕ್ ಹೇಗೋ ತಡೆಯುತ್ತದೆ, ವಿಎಚ್‌ಎಸ್ ಕ್ಯಾಸೆಟ್ ತಡೆಯಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ ಹಾಕಿದರೆ ವಿಸಿಆರ್‌ನ ಹೆಡ್ಡಿಗೂ ಅಂಟುತ್ತದೆ. ಅಂಥದ್ದು ಮನೆಯಲ್ಲಿದ್ದರೆ ಓಡಿಸಿ ನೋಡುವ ಮೊದಲು ನನಗೆ ಪತ್ರ ಹಾಕಿ.