ಚಟ್ನಿಪುಡಿಗೆ ಪೌಚಾ, ಡಬ್ಬಿನಾ?

ಕಾಲು ಕೆಜಿ ಶೇಂಗಾ ಚಟ್ನಿಪುಡಿಗೆ ಬೆಳ್ಳಿ ಬಣ್ಣದ ಪೌಚ್ ಅಗ್ಗ, ಆದರೆ ಅದು ರೀಸೈಕಲ್ ಆಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಹೊರಗೆ ಪೆಟ್ (ನೀರಿನ ಬಾಟಲಿ ಮಾಡೋ ಪ್ಲಾಸ್ಟಿಕ್), ಮಧ್ಯೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಥಿನ್, ಮೂರನ್ನೂ ಒಂದಕ್ಕೊಂದು ಅಂಟಿಸಿರುತ್ತಾರೆ. ಬಿಡಿಸೋ ಖರ್ಚು ಸಿಗೋ ಮಾಲಿಗಿಂತ ಜಾಸ್ತಿ, ಹಾಗಾಗಿ ಗುಜರಿಯವರು ಮುಟ್ಟೋದೇ ಇಲ್ಲ. ಗಾಜು ಚೆಂದ, ಆದರೆ ಭಾರ, ಕೊರಿಯರ್‌ನಲ್ಲಿ ಒಡೆಯುತ್ತದೆ. ಊರೊಳಗೇ ಮಾರೋರಿಗೆ ಸರಿ.

ನನ್ನ ಕೇಳಿದರೆ ಬಣ್ಣವಿಲ್ಲದ ಪೆಟ್ ಡಬ್ಬಿ ತಗೊಳ್ಳಿ, ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಅನ್ನೋ ಇನ್ನೊಂದು ಪ್ಲಾಸ್ಟಿಕ್‌ನ ಡಬ್ಬಿಗಿಂತ (ಅದರ ನಂಬರ್ 5) ಇದು ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ, ಶೇಂಗಾದ ಎಣ್ಣೆ ಅಷ್ಟು ಬೇಗ ಕಮಟು ಹಿಡಿಯಲ್ಲ. ಮುಚ್ಚಳ ಪಿಪಿ ಆದರೂ ಪರವಾಗಿಲ್ಲ, ಚೂರು ಮಾಡಿ ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಪಿಪಿ ತೇಲುತ್ತದೆ, ಸುಲಭವಾಗಿ ಬೇರೆಯಾಗುತ್ತದೆ. ಪಿವಿಸಿ ಪ್ಲಾಸ್ಟಿಕ್‌ನ ಶ್ರಿಂಕ್ ಲೇಬಲ್ (ಬಿಸಿಗೆ ಕುಗ್ಗಿ ಡಬ್ಬಿಗೆ ಬಿಗಿಯಾಗಿ ಕೂರೋ ಲೇಬಲ್) ಮಾತ್ರ ಬೇಡವೇ ಬೇಡ. ಅದೂ ಪೆಟ್ ಜೊತೆಗೇ ಮುಳುಗಿ ಮಾಲು ಕೆಡಿಸುತ್ತದೆ. ನಾನೂ ಮೊದಲು ಅದನ್ನೇ ಹಾಕಿಸಿದ್ದೆ, ಮಿರಮಿರ ಮಿಂಚುತ್ತೆ ಅಂತ! ಈಗ ಸಣ್ಣ ಲೇಬಲ್, ಸುಲಭವಾಗಿ ಕಿತ್ತು ಬರೋ ಅಂಟು, ಅಷ್ಟೇ. ಹಾಂ, ಪುಡಿ ಪೂರ್ತಿ ಆರಿದ ಮೇಲೆ ತುಂಬಿ, ಬಿಸಿಗೆ ಪೆಟ್ ಸೊಟ್ಟಗಾಗುತ್ತದೆ.